ಇರಾನನ್ನು ಜೋಡಿಸಲು ಹೊರಟ ಸಿಪಾಯಿ: ರೆಜಾ ಶಾ ಪಹ್ಲವಿ

ಇರಾನ್ ಅಂದ ತಕ್ಷಣ ನಮಗೆ ನೆನಪಿಗೆ ಬರೋದು ಪೆಟ್ರೋಲು, ಕೇಸರಿ, ಖರ್ಜೂರ, ಇಲ್ಲಾಂದ್ರೆ ಟಿವಿಯಲ್ಲಿ ಬರೋ ಯುದ್ಧದ ಸುದ್ದಿ. ಅಲ್ಲಿರೋರೆಲ್ಲ ಪರ್ಷಿಯನ್ನರು, ಎಲ್ಲರೂ ಮನೆಯಲ್ಲಿ ಮಾತಾಡೋದು ಪರ್ಷಿಯನ್ ಭಾಷೆ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿರ್ತೀವಿ. ಹಾಗೇನಿಲ್ಲ. ಪರ್ಷಿಯನ್ನರು ಬಹುಸಂಖ್ಯಾತರು ನಿಜ. ಆದರೆ ಅವರ ಜೊತೆಗೆ ಅಜೆರಿ ತುರ್ಕರು, ಕುರ್ದರು, ಲೂರರು, ಅರಬರು, ಬಲೂಚರು, ತುರ್ಕಮನ್ನರು, ಗಿಲಾನಿಗಳು, ಮಾಜಂದರಾನಿಗಳು, ಅರ್ಮೇನಿಯನ್ನರು ಹೀಗೆ ಹತ್ತಾರು ಜನಾಂಗಗಳಿವೆ. ಆಗ್ನೇಯದ ಬಲೂಚಿಸ್ತಾನದ ಮೂಲೆಯಲ್ಲಿ ಬ್ರಾಹುಯಿ ಆಡುವ ಒಂದಷ್ಟು ಜನ ಕೂಡ ಇದ್ದಾರೆ. ಬ್ರಾಹುಯಿ ಅಂದ್ರೆ ಕನ್ನಡದ ದೂರದ ದಾಯಾದಿ, ದ್ರಾವಿಡ ಭಾಷೆ!

ಇಷ್ಟೆಲ್ಲ ಬಗೆಯ ಜನ ಒಂದೇ ದೇಶ ಅಂತ ಹೇಗೆ ಆದರು? ಈ ಪ್ರಶ್ನೆ ಇಟ್ಟುಕೊಂಡು ಹೊರಟರೆ ಒಬ್ಬ ಮನುಷ್ಯನ ಬದುಕನ್ನು ಹಾದು ಹೋಗಲೇಬೇಕು. ಹಳ್ಳಿಯಲ್ಲಿ ಹುಟ್ಟಿ, ಶಾಲೆಯ ಮೆಟ್ಟಿಲು ಹತ್ತದೆ, ಮಾಮೂಲಿ ಸಿಪಾಯಿಯಾಗಿ ಸೇರಿ, ಕೊನೆಗೆ ಸಿಂಹಾಸನ ಏರಿದ ರೆಜಾ ಶಾ ಪಹ್ಲವಿ. ಆತ ಹಾಕಿಸಿದ ರೈಲು ಹಳಿ ಇವತ್ತಿಗೂ ಓಡ್ತಾ ಇದೆ. ಆತ ಹೊರಡಿಸಿದ ಆಜ್ಞೆಗಳಲ್ಲಿ ಬಹಳಷ್ಟು, ಆತ ದೇಶ ಬಿಟ್ಟ ಕೂಡಲೇ ಬಿದ್ದುಹೋದವು. ಯಾಕೆ ಹಾಗಾಯ್ತು ಅನ್ನೋದನ್ನ ನೋಡೋಣ.

ಮೊದಲು ನಕ್ಷೆ

ಇರಾನಿನ ವಿಸ್ತೀರ್ಣ ಸುಮಾರು 16.5 ಲಕ್ಷ ಚದರ ಕಿಲೋಮೀಟರ್. ನಮ್ಮ ಕರ್ನಾಟಕದಂಥ ಎಂಟೂವರೆ ರಾಜ್ಯಗಳನ್ನ ಅದರಲ್ಲಿ ಕೂರಿಸಬಹುದು. ಒಂದು ಅಗಲವಾದ ತಟ್ಟೆಯನ್ನು ಕಲ್ಪಿಸಿಕೊಳ್ಳಿ. ನಡುವೆ ಎತ್ತರದ ಒಣ ಪ್ರಸ್ಥಭೂಮಿ, ಅಂಚಿನ ಸುತ್ತ ಬೆಟ್ಟಗಳು. ಉತ್ತರದಲ್ಲಿ ಕ್ಯಾಸ್ಪಿಯನ್ ಸಮುದ್ರಕ್ಕೆ ಗೋಡೆ ಕಟ್ಟಿದ ಹಾಗೆ ಅಲ್ಬೋರ್ಜ್ ಪರ್ವತಗಳು. ಅದರಲ್ಲಿ ದಮಾವಂದ್ ಶಿಖರದ ಎತ್ತರವೇ 5,600 ಮೀಟರಿಗಿಂತ ಹೆಚ್ಚು. ವಾಯವ್ಯದಿಂದ ಆಗ್ನೇಯದ ಕಡೆಗೆ ಸಾಲು ಸಾಲಾಗಿ ಜಾಗ್ರೋಸ್ ಪರ್ವತಗಳು. ತಟ್ಟೆಯ ನಡುವೆ ದಷ್ತ್-ಎ-ಕವೀರ್ ಮತ್ತು ದಷ್ತ್-ಎ-ಲೂತ್ ಎಂಬ ಎರಡು ದೊಡ್ಡ ಮರುಭೂಮಿಗಳು. ದೋಣಿ ಸಾಗುವಂಥ ನದಿ ಅಂದ್ರೆ ನೈಋತ್ಯದ ಕಾರೂನ್ ಒಂದೇ.

ಈಗ ಜನರನ್ನ ಈ ನಕ್ಷೆಯ ಮೇಲೆ ಇಡಿ. ಇಸ್ಫಹಾನ್, ಶಿರಾಜ್, ಯಜ್ದ್, ಕೆರ್ಮಾನ್‌ನಂಥ ಪರ್ಷಿಯನ್ ಊರುಗಳು ತಟ್ಟೆಯ ಒಳಭಾಗದಲ್ಲಿವೆ. ವಾಯವ್ಯದಲ್ಲಿ ಅಜೆರಿಗಳು, ಪಶ್ಚಿಮದ ಬೆಟ್ಟಗಳಲ್ಲಿ ಕುರ್ದರು, ಅದರ ಕೆಳಗೆ ಲೂರರು ಮತ್ತು ಬಖ್ತಿಯಾರಿಗಳು, ನೈಋತ್ಯದ ಬಯಲಿನಲ್ಲಿ ಅರಬರು, ಆಗ್ನೇಯದಲ್ಲಿ ಬಲೂಚರು, ಈಶಾನ್ಯದಲ್ಲಿ ತುರ್ಕಮನ್ನರು. ಅಂದ್ರೆ ಬೇರೆ ಬೇರೆ ಭಾಷೆ ಆಡುವವರು ಹೆಚ್ಚಾಗಿ ಅಂಚಿನಲ್ಲಿದ್ದಾರೆ. ಅವರ ನೆಂಟರಿಷ್ಟರು ಗಡಿಯ ಆಚೆ ಬದಿಯಲ್ಲೂ ಇದ್ದಾರೆ. ರಾಜಧಾನಿ ಟೆಹ್ರಾನಿನಲ್ಲಿ ಕೂತವನಿಗೆ ಇದೇ ದೊಡ್ಡ ತಲೆನೋವು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಟೆಹ್ರಾನಿನಿಂದ ನೈಋತ್ಯದ ಅರಬ್ ಬಯಲಿಗೆ ಹೋಗಬೇಕಾದವರಿಗೆ ಸ್ವಂತ ದೇಶದ ಬೆಟ್ಟ ದಾಟೋದಕ್ಕಿಂತ ಇರಾಕ್ ಸುತ್ತಿಕೊಂಡು ಹೋಗೋದೇ ಸುಲಭ ಅನ್ನಿಸುತ್ತಿತ್ತು.

ಬೆಟ್ಟದೂರಿನ ಹುಡುಗ

ರೆಜಾ ಹುಟ್ಟಿದ್ದು 1878ರಲ್ಲಿ, ಮಾಜಂದರಾನ್ ಪ್ರಾಂತ್ಯದ ಸವಾದ್‌ಕೂಹ್ ಸೀಮೆಯ ಅಲಾಷ್ತ್ ಎಂಬ ಬೆಟ್ಟದೂರಿನಲ್ಲಿ. ಅಲ್ಬೋರ್ಜ್ ಪರ್ವತಗಳ ಉತ್ತರದ ಇಳಿಜಾರು ಅದು. ಅಲ್ಲಿಯ ಮನೆಮಾತು ಮಾಜಂದರಾನಿ. ಅಪ್ಪ ಅಬ್ಬಾಸ್ ಅಲಿ ಸೈನ್ಯದಲ್ಲಿದ್ದವನು. ಮಗು ಇನ್ನೂ ವರ್ಷ ತುಂಬುವ ಮೊದಲೇ ತೀರಿಕೊಂಡ. ಅಮ್ಮ ನೂಷ್ ಆಫರೀನ್ ಕಾಕಸಸ್ ಕಡೆಯಿಂದ ವಲಸೆ ಬಂದ ಮುಸ್ಲಿಂ ಕುಟುಂಬದವಳು. ಗಂಡನ ಮನೆಯಲ್ಲಿ ಆಸರೆ ಸಿಗದೆ ಕೂಸನ್ನು ಎತ್ತಿಕೊಂಡು ಬೆಟ್ಟ ದಾಟಿ ಟೆಹ್ರಾನಿನಲ್ಲಿದ್ದ ಅಣ್ಣತಮ್ಮಂದಿರ ಹತ್ತಿರ ಹೊರಟಳು. ದಾರಿಯಲ್ಲಿ ಹಿಮದ ಚಳಿಗೆ ಮಗು ಸತ್ತೇಹೋಯಿತು ಅಂದುಕೊಂಡಿದ್ದರು, ಆಮೇಲೆ ಬೆಚ್ಚಗಿನ ಜಾಗದಲ್ಲಿ ಅದಕ್ಕೆ ಉಸಿರು ಬಂತು ಅಂತ ಒಂದು ಕಥೆ ಇದೆ. ಎಷ್ಟು ನಿಜವೋ ಎಷ್ಟು ಆಮೇಲೆ ಸೇರಿಸಿದ್ದೋ, ಅಲ್ಬೋರ್ಜ್ ದಾಟೋದು ಜೀವದ ಜೊತೆ ಆಟ ಅನ್ನೋದಂತೂ ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

ಶಾಲೆ ಗೀಲೆ ಏನೂ ಇಲ್ಲ. ಹದಿನೈದು ಹದಿನಾರು ವಯಸ್ಸಿಗೆ ಕೊಸಾಕ್ ಬ್ರಿಗೇಡಿಗೆ ಸೇರಿದ. ಹೆಸರಿಗೆ ಇರಾನಿನ ಸೈನ್ಯ, ಮೇಲಧಿಕಾರಿಗಳೆಲ್ಲ ರಷ್ಯನ್ನರು. ಎತ್ತರದ ಆಳು, ಮಾತು ಕಮ್ಮಿ, ಸಿಟ್ಟು ಜಾಸ್ತಿ. ಮ್ಯಾಕ್ಸಿಮ್ ಮೆಷಿನ್ ಗನ್ ನಡೆಸೋದರಲ್ಲಿ ಎಷ್ಟು ಪಳಗಿದ ಅಂದ್ರೆ ಜೊತೆಯವರು ಅವನನ್ನ ರೆಜಾ ಮ್ಯಾಕ್ಸಿಮ್ ಅಂತಲೇ ಕರೆಯತೊಡಗಿದರು. ಓದು ಬರಹ ಕಲಿತದ್ದು ದೊಡ್ಡವನಾದ ಮೇಲೆ. ಸೈನ್ಯದ ಕೆಲಸದ ಮೇಲೆ ದೇಶದ ಮೂಲೆ ಮೂಲೆ ಸುತ್ತಿದ. ಕುರ್ದಿಸ್ತಾನ, ಲೂರಿಸ್ತಾನ, ಅಜರ್‌ಬೈಜಾನ್ ಸೀಮೆಗಳನ್ನ ಬೇರೆ ನಾಯಕರು ಪುಸ್ತಕದಲ್ಲಿ ಓದಿದ್ದರೆ ಇವನು ಕುದುರೆ ಮೇಲೆ ಕೂತು ನೋಡಿದ್ದ. ಎಲ್ಲಿ ಹೋದರೂ ಕಂಡದ್ದು ಒಂದೇ: ಸರ್ಕಾರದ ಮಾತು ಊರ ಬಾಗಿಲಿಗೇ ನಿಲ್ಲುತ್ತೆ, ಅಲ್ಲಿಂದಾಚೆ ನಡೆಯೋದು ಬುಡಕಟ್ಟಿನ ಖಾನನ ಮಾತು.

ಹರಿದುಹೋಗಿದ್ದ ದೇಶ

ಆಗ ಆಳುತ್ತಿದ್ದದ್ದು ಖಾಜಾರ್ ವಂಶ. 1906ರಲ್ಲಿ ಜನ ಹೋರಾಡಿ ಸಂವಿಧಾನ, ಸಂಸತ್ತು ಎರಡನ್ನೂ ತಂದಿದ್ದರು. ಮಾರನೇ ವರ್ಷವೇ ಬ್ರಿಟನ್ ಮತ್ತು ರಷ್ಯಾ ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಉತ್ತರ ನಿನಗೆ, ಆಗ್ನೇಯ ನನಗೆ ಅಂತ ಇರಾನಿನಲ್ಲಿ ಪ್ರಭಾವದ ವಲಯಗಳನ್ನು ಹಂಚಿಕೊಂಡವು. ಮೊದಲ ಮಹಾಯುದ್ಧದಲ್ಲಿ ಇರಾನ್ ತಾನು ತಟಸ್ಥ ಅಂತ ಸಾರಿದರೂ ರಷ್ಯನ್ನರು, ತುರ್ಕರು, ಬ್ರಿಟಿಷರು ಅದರ ನೆಲದ ಮೇಲೇ ಬಡಿದಾಡಿದರು. ಹಿಂದೆಯೇ ಬರ, ಕಾಯಿಲೆ. ಲೆಕ್ಕವಿಲ್ಲದಷ್ಟು ಜನ ಸತ್ತರು.

1920ರ ಹೊತ್ತಿಗೆ ಗಿಲಾನಿನಲ್ಲಿ ಮಿರ್ಜಾ ಕೂಚಕ್ ಖಾನನ ಕಾಡು ಪಡೆ ಸೋವಿಯತ್ ಬೆಂಬಲದಿಂದ ಬೇರೆ ಗಣರಾಜ್ಯವನ್ನೇ ಸಾರಿತ್ತು. ಉರ್ಮಿಯಾ ಸರೋವರದ ಪಶ್ಚಿಮಕ್ಕೆ ಸಿಮ್ಕೋ ಎಂಬ ಕುರ್ದ್ ನಾಯಕ. ನೈಋತ್ಯದ ಅರಬ್ ಸೀಮೆಯಲ್ಲಿ ಮೊಹಮ್ಮರಾದ ಶೇಖ್ ಖಜಲ್. ಅವನಿಗೆ ಬ್ರಿಟಿಷರ ಕೃಪೆ, ಯಾಕಂದ್ರೆ ಅವರ ಎಣ್ಣೆ ಬಾವಿ ಮತ್ತು ಆಬಾದಾನಿನ ಸಂಸ್ಕರಣಾಗಾರ ಇದ್ದದ್ದು ಆ ಕಡೆಯೇ. ಟೆಹ್ರಾನಿನ ಶಾ ಹೆಸರಿಗಷ್ಟೇ ಶಾ.

ಇಂಥ ಹೊತ್ತಲ್ಲಿ, 1921ರ ಫೆಬ್ರವರಿ 21ಕ್ಕೆ, ಕಜ್ವೀನ್‌ನಿಂದ ಹೊರಟ ಕೊಸಾಕ್ ಪಡೆ ಟೆಹ್ರಾನನ್ನು ಹಿಡಿಯಿತು. ಪಡೆಯ ಮುಂದಿದ್ದವನು ರೆಜಾ ಖಾನ್. ಆ ಹೊತ್ತಿಗೆ ರಷ್ಯನ್ ಅಧಿಕಾರಿಗಳು ಹೋಗಿಯಾಗಿತ್ತು. ರೆಜಾನನ್ನು ಆರಿಸಿ ಮುಂದೆ ತಂದಿದ್ದು ಬ್ರಿಟಿಷ್ ಜನರಲ್ ಐರನ್‌ಸೈಡ್. ಪತ್ರಕರ್ತ ಸೈಯದ್ ಜಿಯಾ ಪ್ರಧಾನಿಯಾದ, ಮೂರೇ ತಿಂಗಳಲ್ಲಿ ದೇಶ ಬಿಟ್ಟ. ರೆಜಾ ಯುದ್ಧಮಂತ್ರಿಯಾದ, 1923ರಲ್ಲಿ ಪ್ರಧಾನಿಯಾದ. ಮಾರನೇ ವರ್ಷ ಇರಾನನ್ನು ಗಣರಾಜ್ಯ ಮಾಡುವ ಪ್ರಯತ್ನ ನಡೆಯಿತು. ಪಕ್ಕದ ತುರ್ಕಿಯಲ್ಲಿ ಆದದ್ದು ನೋಡಿ ಹೆದರಿದ ಮುಲ್ಲಾಗಳು ವಿರೋಧಿಸಿದರು. ಸರಿ, ಹಾಗಾದರೆ ರಾಜನೇ ಆಗೋಣ ಅಂತಾಯ್ತು. 1925ರಲ್ಲಿ ಸಂಸತ್ತು ಖಾಜಾರ್ ವಂಶವನ್ನು ಕೆಳಗಿಳಿಸಿತು. ಆಗ ಎದ್ದು ನಿಂತು ವಿರೋಧಿಸಿದ ನಾಲ್ಕೈದು ಜನರಲ್ಲಿ ಮೊಸದ್ದೆಕ್ ಒಬ್ಬ. ಇಷ್ಟು ಸಮರ್ಥನಾದವನು ಪ್ರಧಾನಿಯಾಗಿದ್ದರೆ ದೇಶಕ್ಕೆ ಒಳ್ಳೆಯದು, ಅಧಿಕಾರವಿರುವ ರಾಜನಾದರೆ ಸಂವಿಧಾನಕ್ಕೆ ಅರ್ಥವೇ ಇರಲ್ಲ ಅನ್ನೋದು ಅವನ ವಾದದ ತಿರುಳು. ಯಾರೂ ಕೇಳಲಿಲ್ಲ. 1926ರ ಏಪ್ರಿಲ್‌ನಲ್ಲಿ ರೆಜಾ ಕಿರೀಟ ಧರಿಸಿದ.

ಮನೆತನಕ್ಕೆ ಪಹ್ಲವಿ ಅಂತ ಹೆಸರಿಟ್ಟುಕೊಂಡ. ಇಸ್ಲಾಂ ಬರುವ ಮೊದಲಿನ ಪರ್ಷಿಯನ್ ಭಾಷೆಯ ಹೆಸರು ಅದು. ಅಮ್ಮ ಕಾಕಸಸ್ ಕಡೆಯವಳು, ಊರಿನ ಮಾತು ಮಾಜಂದರಾನಿ, ಹೆಂಡತಿ ತಾಜ್ ಅಲ್ ಮುಲೂಕ್ ಕೂಡ ಕಾಕಸಸ್ ಮೂಲದ ಮನೆತನದವಳು. 1934ರಲ್ಲಿ ತುರ್ಕಿಗೆ ಹೋದಾಗ ಅತಾತುರ್ಕ್ ಜೊತೆ ದುಭಾಷಿ ಇಲ್ಲದೆ ತುರ್ಕಿಯಲ್ಲೇ ಮಾತಾಡಿದ್ದ. ಇರಾನಿನ ವೈವಿಧ್ಯ ಅವನ ಮನೆಯೊಳಗೇ ಇತ್ತು. ಆದರೂ ದೇಶಕ್ಕೆ ಅಂತ ಅವನು ಆರಿಸಿದ್ದು ಒಂದೇ ಭಾಷೆ, ಒಂದೇ ವೇಷ.

ಅಂಚುಗಳನ್ನು ಕಟ್ಟಿದ್ದು

ಮೊದಲು ಮಾಡಿದ ಕೆಲಸ ಸೈನ್ಯ ಕಟ್ಟಿದ್ದು. ಚೂರು ಚೂರಾಗಿದ್ದ ಪಡೆಗಳನ್ನು ಒಂದು ಮಾಡಿದ. 1921ರಲ್ಲಿ ಗಿಲಾನ್ ಗಣರಾಜ್ಯ ಮುಗಿಯಿತು. 1922ರಲ್ಲಿ ಸಿಮ್ಕೋ ಸೋತು ಗಡಿ ದಾಟಿದ. 1924ರಲ್ಲಿ ಶೇಖ್ ಖಜಲ್ ಮೇಲೆ ದಂಡೆತ್ತಿ ಹೋದಾಗ ಬ್ರಿಟಿಷರು ಅವನ ಕೈ ಬಿಟ್ಟರು. ಮಾರನೇ ವರ್ಷ ಶೇಖನನ್ನ ಹಿಡಿದು ಟೆಹ್ರಾನಿಗೆ ತಂದು ಮನೆಯಲ್ಲೇ ಸೆರೆಯಿಟ್ಟರು. ಅರಬಿಸ್ತಾನ್ ಅಂತಿದ್ದ ಪ್ರಾಂತ್ಯ ಖೂಜೆಸ್ತಾನ್ ಆಯ್ತು. ಮೊಹಮ್ಮರಾ ಮುಂದೆ ಖೊರ್ರಮ್‌ಶಹರ್ ಆಯ್ತು. 1928ರಲ್ಲಿ ಬಲೂಚಿಸ್ತಾನದ ದೋಸ್ತ್ ಮೊಹಮ್ಮದ್ ಖಾನ್ ಸೋತ.

ಈ ಕಾಲದ ರೆಜಾನನ್ನು ಟೆಹ್ರಾನಿನ ಓದಿದವರು, ವ್ಯಾಪಾರಿಗಳು, ಎಡದವರು ಬಲದವರು ಎಲ್ಲರೂ ಮೆಚ್ಚಿದ್ದರು ಅನ್ನೋದನ್ನ ಮರೀಬಾರದು. ದಾರಿಗಳ್ಳರ ಕಾಟ ತಪ್ಪಿತ್ತು. 1925ರ ಕಾನೂನಿನಿಂದ ಎಲ್ಲರಿಗೂ ಕುಲನಾಮ, ಗುರುತುಪತ್ರ ಬಂತು. ಎಲ್ಲಾ ಗಂಡುಮಕ್ಕಳಿಗೂ ಎರಡು ವರ್ಷ ಕಡ್ಡಾಯ ಸೈನಿಕ ಸೇವೆ. ಕುರ್ದ್ ಹುಡುಗ, ಬಲೂಚ್ ಹುಡುಗ, ಇಸ್ಫಹಾನಿನ ಹುಡುಗ ಒಂದೇ ಬ್ಯಾರಕ್‌ನಲ್ಲಿ ಮಲಗಿ, ಪರ್ಷಿಯನ್ ಭಾಷೆಯಲ್ಲಿ ಆಜ್ಞೆ ಕೇಳತೊಡಗಿದರು.

ಹಳಿಯ ಕಥೆ

ಈಗ ನಮ್ಮ ಸಿವಿಲ್, ಮೆಕ್ಯಾನಿಕಲ್‌ನವರಿಗೆ ಇಷ್ಟವಾಗುವ ಭಾಗಕ್ಕೆ ಬರೋಣ.

1927ಕ್ಕೆ ಮೊದಲು ಇರಾನಿನಲ್ಲಿ ಹೇಳಿಕೊಳ್ಳುವಂಥ ರೈಲು ಇರಲಿಲ್ಲ. ವಾಯವ್ಯದಲ್ಲಿ ರಷ್ಯನ್ನರು ಜುಲ್ಫಾದಿಂದ ತಬ್ರೀಜಿಗೆ ಹಳಿ ಹಾಕಿದ್ದರು, ರಷ್ಯನ್ ಗೇಜ್, 1,524 ಮಿಲಿಮೀಟರ್. ಆಗ್ನೇಯದಲ್ಲಿ ಬ್ರಿಟಿಷರು ಕ್ವೆಟ್ಟಾ ಕಡೆಯಿಂದ ಈಗಿನ ಜಾಹೆದಾನಿಗೆ ಹಳಿ ತಂದಿದ್ದರು. ಅದು ನಮ್ಮ ಬ್ರಾಡ್ ಗೇಜ್, 1,676 ಮಿಲಿಮೀಟರ್. ಒಂದರ ಬೋಗಿ ಇನ್ನೊಂದರ ಮೇಲೆ ಓಡಲ್ಲ. ಎರಡೂ ಹಳಿ ಇರಾನಿನ ಅಂಚನ್ನು ಹೊರಗಿನ ಸಾಮ್ರಾಜ್ಯಕ್ಕೆ ಕಟ್ಟಿದ್ದವು, ಟೆಹ್ರಾನಿಗೆ ಕಟ್ಟಿರಲಿಲ್ಲ.

ರೆಜಾ ಶಾ ಆರಿಸಿದ್ದು ಇವೆರಡನ್ನೂ ಬಿಟ್ಟು ಸ್ಟ್ಯಾಂಡರ್ಡ್ ಗೇಜ್, 1,435 ಮಿಲಿಮೀಟರ್. ನಮ್ಮ ಮೆಟ್ರೋದ್ದೂ ಅದೇ. ಉತ್ತರದ ಕ್ಯಾಸ್ಪಿಯನ್ ದಡದ ಬಂದರ್ ಶಾದಿಂದ ಟೆಹ್ರಾನ್ ಮೂಲಕ ದಕ್ಷಿಣದ ಪರ್ಷಿಯನ್ ಕೊಲ್ಲಿಯ ಬಂದರ್ ಶಾಪೂರ್‌ವರೆಗೆ 1,394 ಕಿಲೋಮೀಟರ್. ಹೊರಗಿನ ಸಾಲ ಬೇಡ ಅಂತ ಹಟ. 1925ರಲ್ಲೇ ಸಕ್ಕರೆ ಮತ್ತು ಚಹಾದ ಮೇಲೆ ತೆರಿಗೆ ಹಾಕಿ ಅದನ್ನ ರೈಲಿಗೇ ಮೀಸಲಿಟ್ಟರು. ಇರಾನಿನಲ್ಲಿ ಸಕ್ಕರೆ ಹಾಕಿದ ಚಹಾ ಕುಡಿಯದ ಬಡವನಿಲ್ಲ. ಹಾಗಾಗಿ ರೈಲಿನ ದುಡ್ಡು ಬಂದದ್ದು ಬಡವರ ಲೋಟದಿಂದಲೇ.

ಕ್ಯಾಸ್ಪಿಯನ್ ಸಮುದ್ರದ ನೀರಿನ ಮಟ್ಟ ಸಾಗರ ಮಟ್ಟಕ್ಕಿಂತ ಸುಮಾರು 28 ಮೀಟರ್ ಕೆಳಗಿದೆ. ಅಲ್ಲಿಂದ ಹೊರಟ ಹಳಿ ಅಲ್ಬೋರ್ಜ್ ಹತ್ತಿ ಗದೂಕ್ ಕಣಿವೆಯಲ್ಲಿ 2,100 ಮೀಟರ್ ದಾಟಬೇಕು. ಆಮೇಲೆ ಪ್ರಸ್ಥಭೂಮಿ, ಆಮೇಲೆ ಜಾಗ್ರೋಸ್ ಇಳಿದು ಸಮುದ್ರ. ಇಷ್ಟಕ್ಕೆ 224 ಸುರಂಗ, 174 ದೊಡ್ಡ ಸೇತುವೆ ಬೇಕಾದವು. ಏರು ತುಂಬಾ ಕಡಿದಾದ ಕಡೆ ಸುರಂಗವನ್ನೇ ಬೆಟ್ಟದೊಳಗೆ ಸುರುಳಿ ಸುತ್ತಿಸಿದರು. ಅಂಥ ಸುರುಳಿ ಸುರಂಗಗಳು 11. ಮೊದಲು ಅಮೆರಿಕನ್ ಮತ್ತು ಜರ್ಮನ್ ಕಂಪನಿಗಳು ಕೆಲಸ ಶುರು ಮಾಡಿದವು. 1933ರಿಂದ ಡೆನ್ಮಾರ್ಕಿನ ಕಾಂಪ್ಸಾಕ್ಸ್ ಕಂಪನಿ ಇಡೀ ಮಾರ್ಗವನ್ನು ಹೋಳು ಹೋಳು ಮಾಡಿ ಹಲವು ದೇಶಗಳ ಗುತ್ತಿಗೆದಾರರಿಗೆ ಹಂಚಿ, ಉಸ್ತುವಾರಿ ನೋಡಿಕೊಂಡಿತು. 1938ರ ಆಗಸ್ಟ್‌ನಲ್ಲಿ ಉತ್ತರದ ಹಳಿಯೂ ದಕ್ಷಿಣದ ಹಳಿಯೂ ಸೇರಿದವು.

ಇದರಲ್ಲಿ ಹೆಸರುವಾಸಿಯಾದದ್ದು ವೆರೆಸ್ಕ್ ಸೇತುವೆ. ಎರಡು ಬೆಟ್ಟಗಳ ನಡುವೆ, ಕಣಿವೆಯಿಂದ 110 ಮೀಟರ್ ಎತ್ತರದಲ್ಲಿ, 66 ಮೀಟರ್ ಅಗಲದ ಒಂದೇ ಕಮಾನು. ಮೊದಲ ರೈಲು ದಾಟುವಾಗ ಎಂಜಿನಿಯರ್ ತನ್ನ ಹೆಂಡತಿ ಮಕ್ಕಳ ಜೊತೆ ಸೇತುವೆಯ ಕೆಳಗೆ ನಿಂತಿದ್ದ ಅಂತ ಆ ಕಡೆ ಜನ ಕಥೆ ಹೇಳ್ತಾರೆ. ಇಂಥ ಕಥೆ ಎಲ್ಲಾ ದೇಶದ ಸೇತುವೆಗೂ ಇರುತ್ತೆ ಬಿಡಿ. ಕಥೆಗಿಂತ ಮುಖ್ಯ ಅಂದ್ರೆ ಆ ಸೇತುವೆ ಇರುವ ಜಾಗ. ಅದು ಸವಾದ್‌ಕೂಹ್ ಸೀಮೆಯಲ್ಲಿದೆ, ರೆಜಾ ಹುಟ್ಟಿದ ಸೀಮೆ. ಕೂಸನ್ನು ಎತ್ತಿಕೊಂಡು ತಾಯಿ ಹಿಮದಲ್ಲಿ ಕಷ್ಟಪಟ್ಟು ದಾಟಿದ್ದ ಅದೇ ಬೆಟ್ಟಗಳ ಸಾಲನ್ನು ಈಗ ಯಾರು ಬೇಕಾದರೂ ಟಿಕೆಟ್ ತಗೊಂಡು ಕೂತು ದಾಟಬಹುದಿತ್ತು.

ಟೀಕೆಯೂ ಇತ್ತು. ಈ ಹಳಿ ತಬ್ರೀಜ್, ಇಸ್ಫಹಾನ್, ಮಶ್‌ಹದ್‌ನಂಥ ದೊಡ್ಡ ಊರುಗಳನ್ನ ಮುಟ್ಟಲೇ ಇಲ್ಲ. ಪೂರ್ವ ಪಶ್ಚಿಮವಾಗಿ ಹಾಕಿದ್ದರೆ ವ್ಯಾಪಾರಕ್ಕೆ ಲಾಭವಿತ್ತು ಅಂತ ಮೊಸದ್ದೆಕ್‌ನಂಥವರು ವಾದಿಸಿದ್ದರು. ದುಡ್ಡಿನ ಲೆಕ್ಕದಲ್ಲಿ ಅವರ ಮಾತು ಸರಿ ಇರಬಹುದು. ರೆಜಾ ಶಾಗೆ ಬೇಕಿದ್ದದ್ದು ಲೂರ್, ಅರಬ್, ತುರ್ಕಮನ್ ಸೀಮೆಗಳಿಗೆ ಟೆಹ್ರಾನಿನಿಂದ ಬೇಗ ಸೈನ್ಯ ಸಾಗಿಸುವ ದಾರಿ.

ಜನಕ್ಕೂ ಒಂದೇ ಗೇಜ್

ರೈಲಿಗೆ ಒಂದೇ ಗೇಜ್ ಇರಬೇಕು ಅನ್ನೋದು ಸರಿ. ಆದರೆ ರೆಜಾ ಶಾ ಜನಕ್ಕೂ ಒಂದೇ ಅಳತೆ ಹಿಡಿದ.

1928ರ ಕಾನೂನಿನ ಪ್ರಕಾರ ಗಂಡಸರೆಲ್ಲ ಯುರೋಪಿನ ಮಾದರಿಯ ಅಂಗಿ ಪ್ಯಾಂಟು, ತಲೆಗೆ ಪಹ್ಲವಿ ಟೋಪಿ ಹಾಕಬೇಕು. ಕುರ್ದರ ರುಮಾಲು, ಬಲೂಚರ ಪೇಟ, ತುರ್ಕಮನ್ನರ ಕುರಿಚರ್ಮದ ಟೋಪಿ ಎಲ್ಲಾ ಬಂದ್. ಜನಾಂಗದ ಗುರುತು ಮೊದಲು ಕಾಣೋದು ತಲೆಯ ಮೇಲೆ, ಆದ್ದರಿಂದ ಅದನ್ನೇ ತೆಗೆಸಿದರು. 1935ರಲ್ಲಿ ಪಹ್ಲವಿ ಟೋಪಿಯೂ ಸಾಲದು, ಅಂಚಿರುವ ಹ್ಯಾಟ್ ಬೇಕು ಅಂತಾಯ್ತು. ಮಶ್‌ಹದ್‌ನ ಗೌಹರ್‌ಶಾದ್ ಮಸೀದಿಯಲ್ಲಿ ವಿರೋಧಿಸಿ ಸೇರಿದ ಜನರ ಮೇಲೆ ಸೈನ್ಯ ಗುಂಡು ಹಾರಿಸಿತು. 1936ರ ಜನವರಿಯಲ್ಲಿ ಹೆಂಗಸರು ಚಾದರ್ ಹಾಕುವಂತಿಲ್ಲ ಅಂತ ಆಜ್ಞೆ. ಪೊಲೀಸರು ಬೀದಿಯಲ್ಲೇ ಕಿತ್ತುಹಾಕುತ್ತಿದ್ದರು. ಓದಬೇಕು ಅನ್ನೋ ಕೆಲವು ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು, ಟೆಹ್ರಾನ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಇನ್ನೆಷ್ಟೋ ಹೆಂಗಸರು ಮರ್ಯಾದೆಗೆ ಹೆದರಿ ವರ್ಷಗಟ್ಟಲೆ ಮನೆಯಿಂದ ಹೊರಗೇ ಬರಲಿಲ್ಲ.

ಶಾಲೆಗಳಲ್ಲಿ ಪರ್ಷಿಯನ್ ಬಿಟ್ಟು ಬೇರೆ ಭಾಷೆ ಇಲ್ಲ. ಅರ್ಮೇನಿಯನ್ನರ ಶಾಲೆಗಳನ್ನೂ 1930ರ ದಶಕದ ಕೊನೆಯ ಹೊತ್ತಿಗೆ ಮುಚ್ಚಿಸಿದರು. 1935ರಲ್ಲಿ ಫರ್ಹಂಗಿಸ್ತಾನ್ ಎಂಬ ಭಾಷಾ ಅಕಾಡೆಮಿ ಬಂತು. ಅರಬ್ಬಿ ಮತ್ತು ತುರ್ಕಿ ಪದಗಳನ್ನ ಆರಿಸಿ ತೆಗೆದು ಪರ್ಷಿಯನ್ ಪದ ಕೂರಿಸೋದು ಅದರ ಕೆಲಸ. ಅದೇ ವರ್ಷದ ಮಾರ್ಚಿಯಿಂದ ಹೊರದೇಶದವರೆಲ್ಲ ಪರ್ಷಿಯಾ ಅನ್ನೋದನ್ನು ಬಿಟ್ಟು ಇರಾನ್ ಅನ್ನಬೇಕು ಅಂತ ಸರ್ಕಾರ ತಿಳಿಸಿತು. ಇಲ್ಲಿ ಒಂದು ತಮಾಷೆ ಗಮನಿಸಿ. ಪರ್ಷಿಯಾ ಅನ್ನೋದು ಫಾರ್ಸ್ ಎಂಬ ಒಂದು ಪ್ರಾಂತ್ಯದಿಂದ ಬಂದ ಹೆಸರು. ಇರಾನ್ ಅನ್ನೋದು ಇಡೀ ದೇಶಕ್ಕೆ ಅಲ್ಲಿಯ ಜನ ಮೊದಲಿನಿಂದಲೂ ಹೇಳುತ್ತಿದ್ದ ಹೆಸರು. ಹೆಸರು ಎಲ್ಲರನ್ನೂ ಒಳಗೊಳ್ಳುವಂಥದ್ದು ಆಯ್ತು, ನೀತಿ ಮಾತ್ರ ಒಂದೇ ಭಾಷೆಯದ್ದು.

1938ರಲ್ಲಿ ಇನ್ನೂ ಒಂದು ಹೆಜ್ಜೆ. ದೇಶವನ್ನು ಹತ್ತು ಪ್ರಾಂತ್ಯ ಮಾಡಿ, ಹೆಸರಿನ ಬದಲು ನಂಬರ್ ಕೊಟ್ಟರು. ಅಜರ್‌ಬೈಜಾನ್ ಒಡೆದು 3 ಮತ್ತು 4 ಆಯ್ತು, ಖೊರಾಸಾನ್ 9 ಆಯ್ತು. ನಮ್ಮನ್ನೆಲ್ಲ ಯಾರಾದರೂ ಹೆಸರು ಬಿಟ್ಟು ಬರೀ ಯುಎಸ್‌ಎನ್‌ನಿಂದ ಕರೆದರೆ ಹೇಗಿರುತ್ತೆ, ಹಾಗೆ.

ಗುಡಾರ ಕಿತ್ತದ್ದು

ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬಿದ್ದದ್ದು ಅಲೆಮಾರಿಗಳಿಗೆ. ಆಗಿನ ಇರಾನಿನಲ್ಲಿ ನಾಲ್ಕರಲ್ಲಿ ಒಬ್ಬರು ಅಲೆಮಾರಿಗಳು ಅಂತ ಅಂದಾಜು. ಬಖ್ತಿಯಾರಿ, ಕಷ್ಕಾಯಿ, ಲೂರರು ಚಳಿಗಾಲದಲ್ಲಿ ಕೊಲ್ಲಿಯ ಕಡೆಯ ಬಿಸಿ ಬಯಲಿಗೆ ಇಳಿಯುತ್ತಿದ್ದರು, ಬೇಸಿಗೆಯಲ್ಲಿ ಕುರಿಮಂದೆ ಸಮೇತ ಜಾಗ್ರೋಸ್ ಹತ್ತುತ್ತಿದ್ದರು. ಬಖ್ತಿಯಾರಿಗಳು ಊದಿದ ಮೇಕೆ ಚರ್ಮದ ತೆಪ್ಪದ ಮೇಲೆ ಕಾರೂನ್ ನದಿ ದಾಟಿ, ಬರಿಗಾಲಲ್ಲಿ ಜರ್ದ್ ಕೂಹ್ ಹಿಮ ಹತ್ತುವುದನ್ನ 1925ರ ಗ್ರಾಸ್ ಎಂಬ ಅಮೆರಿಕನ್ ಮೂಕಿ ಚಿತ್ರದಲ್ಲಿ ನೋಡಬಹುದು. ಇದು ಸುಮ್ಮನೆ ಅಲೆದಾಟ ಅಲ್ಲ. ಕೆಳಗೆ ಹುಲ್ಲು ಒಣಗುವ ಹೊತ್ತಿಗೆ ಮೇಲೆ ಹಿಮ ಕರಗಿ ಹುಲ್ಲು ಚಿಗುರುತ್ತೆ. ಒಣ ದೇಶದಲ್ಲಿ ಒಂದೇ ಜಾಗದಲ್ಲಿ ಅಷ್ಟು ಕುರಿ ಸಾಕಲು ಆಗಲ್ಲ. ಸಾವಿರಾರು ವರ್ಷದ ಅನುಭವದಿಂದ ಆ ಭೂಗೋಳಕ್ಕೆ ಜನ ಕಂಡುಕೊಂಡ ಪರಿಹಾರ ಅದು.

ರೆಜಾ ಶಾ ಕಣ್ಣಿಗೆ ಇದು ಹಿಂದುಳಿದಿರುವಿಕೆ, ಜೊತೆಗೆ ಅಪಾಯ. ಗುಡಾರದಲ್ಲಿ ಇರುವವನಿಗೆ ವಿಳಾಸವಿಲ್ಲ, ತೆರಿಗೆ ಇಲ್ಲ, ಕೈಯಲ್ಲಿ ಬಂದೂಕು ಬೇರೆ. 1930ರ ದಶಕದಲ್ಲಿ ದಾರಿಗಳನ್ನ ಸೈನ್ಯದಿಂದ ಕಟ್ಟಿಸಿ, ಗುಡಾರಗಳನ್ನ ಕಿತ್ತುಹಾಕಿಸಿ, ನಿಂತಲ್ಲೇ ಮನೆ ಕಟ್ಟಿಕೊಳ್ಳಿ ಅಂದರು. ಮೇವಿಲ್ಲದೆ ಮಂದೆಗಳು ಸತ್ತವು. ಒಂದೇ ಕಡೆ ಕೂತವರಿಗೆ ನೀರಿನಿಂದ ಕಾಯಿಲೆ, ಬಿಸಿಲ ಬಯಲಿನಲ್ಲಿ ಮಲೇರಿಯಾ. ಕಷ್ಕಾಯಿಗಳ ಮುಖ್ಯಸ್ಥ ಸೌಲತ್ ಉದ್ ದೌಲಾ 1933ರಲ್ಲಿ ಟೆಹ್ರಾನಿನ ಜೈಲಿನಲ್ಲೇ ಸತ್ತ. ರೆಜಾನನ್ನು ಬೆಂಬಲಿಸುತ್ತಾ ಬಂದು ಯುದ್ಧಮಂತ್ರಿಯೂ ಆಗಿದ್ದ ಬಖ್ತಿಯಾರಿ ನಾಯಕ ಸರ್ದಾರ್ ಅಸದ್ ಕೂಡ ಮಾರನೇ ವರ್ಷ ಜೈಲಿನಲ್ಲೇ ಸತ್ತ.

ಸಾಯುವ ಸರದಿ ಬುಡಕಟ್ಟಿನವರಿಗೆ ಮಾತ್ರ ಇರಲಿಲ್ಲ. ಆಸ್ಥಾನದ ಮಂತ್ರಿಯಾಗಿದ್ದ ತೈಮೂರ್‌ತಾಷ್ ಜೈಲಿನಲ್ಲಿ ಸತ್ತ. ನ್ಯಾಯಾಂಗವನ್ನೇ ಹೊಸದಾಗಿ ಕಟ್ಟಿದ ದಾವರ್ 1937ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಶಾಲೆ, ಕೋರ್ಟು, ರಸ್ತೆ ಬೆಳೆದಂತೆ ರಾಜನ ಎದುರು ಇಲ್ಲ ಅನ್ನುವವರು ಕಮ್ಮಿಯಾದರು. ಮಾಜಂದರಾನಿನ ಫಲವತ್ತಾದ ಜಮೀನು ಹಳ್ಳಿ ಹಳ್ಳಿಯಾಗಿ ರಾಜನ ಹೆಸರಿಗೆ ಸೇರಿತು. ಏನೂ ಇಲ್ಲದೆ ಬಂದಿದ್ದ ಸಿಪಾಯಿ ಇರಾನಿನ ಅತಿ ದೊಡ್ಡ ಜಮೀನ್ದಾರನಾದ.

ಒಂದು ಒಳ್ಳೆಯ ಕೆಲಸ ಹೇಳದೆ ಮುಂದೆ ಹೋಗಬಾರದು. 1928ರ ಕಾನೂನಿನಿಂದ ಪ್ರತಿ ವರ್ಷ ನೂರರಷ್ಟು ವಿದ್ಯಾರ್ಥಿಗಳನ್ನ ಸರ್ಕಾರದ ಖರ್ಚಿನಲ್ಲಿ ಯುರೋಪಿಗೆ ಓದಲು ಕಳಿಸಿದರು. ಮೊದಲ ತಂಡದಲ್ಲಿ ಹೋದ ಮೆಹದಿ ಬಾಜರ್ಗಾನ್ ಎಂಬ ಅಜೆರಿ ಮೂಲದ ಹುಡುಗ ಫ್ರಾನ್ಸಿನಲ್ಲಿ ಎಂಜಿನಿಯರಿಂಗ್ ಓದಿ ಬಂದು ಟೆಹ್ರಾನ್ ವಿಶ್ವವಿದ್ಯಾಲಯದಲ್ಲಿ ಥರ್ಮೋಡೈನಾಮಿಕ್ಸ್ ಮೇಷ್ಟ್ರಾದ. ರೆಜಾ ಶಾನ ಮಗನನ್ನು 1979ರಲ್ಲಿ ಓಡಿಸಿದ ಕ್ರಾಂತಿಯ ಮೊದಲ ಪ್ರಧಾನಿ ಆತನೇ.

ನಾಲ್ಕು ದಿನದ ಯುದ್ಧ

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸೋವಿಯತ್ ಮೇಲೆ ಬಿದ್ದಾಗ, ಬ್ರಿಟನ್ ಮತ್ತು ಅಮೆರಿಕದ ಸಾಮಾನನ್ನ ರಷ್ಯಾಕ್ಕೆ ಸಾಗಿಸಲು ದಾರಿ ಬೇಕಾಯ್ತು. ಕೊಲ್ಲಿಯಿಂದ ಕ್ಯಾಸ್ಪಿಯನ್‌ವರೆಗೆ ಹೊಚ್ಚ ಹೊಸ ರೈಲು ಸಿದ್ಧವಿತ್ತು! 1941ರ ಆಗಸ್ಟ್ 25ಕ್ಕೆ ಉತ್ತರದಿಂದ ಸೋವಿಯತ್, ದಕ್ಷಿಣ ಮತ್ತು ಪಶ್ಚಿಮದಿಂದ ಬ್ರಿಟಿಷ್ ಪಡೆ ನುಗ್ಗಿದವು. ಬ್ರಿಟಿಷರ ಕಡೆ ಹೋರಾಡಿದವರಲ್ಲಿ ದೊಡ್ಡ ಪಾಲು ಭಾರತದ ಸಿಪಾಯಿಗಳು. ಇಪ್ಪತ್ತು ವರ್ಷ ದುಡ್ಡು ಸುರಿದು ಕಟ್ಟಿದ, ಒಂದು ಲಕ್ಷಕ್ಕೂ ಹೆಚ್ಚಿನ ಸೈನ್ಯ ನಾಲ್ಕನೇ ದಿನಕ್ಕೆ ಗುಂಡು ನಿಲ್ಲಿಸಿತು. ಸಿಪಾಯಿಗಳು ಬಂದೂಕು ಸಮೇತ ಊರು ಸೇರಿದರು. ಹೆದರಿಕೆಯಿಂದ ಬಾಗಿದ್ದವರು ರಾಜನಿಗಾಗಿ ಸಾಯಲು ಮುಂದೆ ಬರಲಿಲ್ಲ.

ಸೆಪ್ಟೆಂಬರ್ 16ಕ್ಕೆ ರೆಜಾ ಶಾ ಮಗ ಮೊಹಮ್ಮದ್ ರೆಜಾನಿಗೆ ಸಿಂಹಾಸನ ಬಿಟ್ಟುಕೊಟ್ಟ. ಬ್ರಿಟಿಷ್ ಹಡಗು ಬಂದರ್ ಅಬ್ಬಾಸಿನಿಂದ ಮುಂಬೈವರೆಗೆ ತಂದರೂ ಅಲ್ಲಿ ಇಳಿಯಲು ಬಿಡಲಿಲ್ಲ. ಮಾರಿಷಸ್‌ಗೆ ಕಳಿಸಿದರು, ಅಲ್ಲಿಂದ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ಗೆ. 1944ರ ಜುಲೈ 26ರಂದು ಅಲ್ಲೇ ತೀರಿಕೊಂಡ. ಹೆಣವನ್ನು ಕೈರೋದ ಮಸೀದಿಯಲ್ಲಿಟ್ಟು, 1950ರಲ್ಲಿ ಇರಾನಿಗೆ ತಂದು ಟೆಹ್ರಾನ್ ಪಕ್ಕದ ರೇ ಊರಿನಲ್ಲಿ ದೊಡ್ಡ ಸಮಾಧಿ ಕಟ್ಟಿದರು. ಕ್ರಾಂತಿಯ ನಂತರ 1980ರಲ್ಲಿ ಆ ಸಮಾಧಿಯನ್ನೂ ಕೆಡವಿದರು.

ಏನು ಉಳಿಯಿತು?

ಅವನು ಹೋದ ಮೇಲೆ ಆದದ್ದನ್ನ ನೋಡಿ. ಹೆಂಗಸರು ಚಾದರ್ ಹೊದ್ದು ಬೀದಿಗೆ ಬಂದರು. ಕಷ್ಕಾಯಿಗಳು, ಬಖ್ತಿಯಾರಿಗಳು ಗುಡಾರ ಬಿಚ್ಚಿ ಮತ್ತೆ ಬೆಟ್ಟ ಹತ್ತಿದರು. 1945ರ ಕೊನೆಗೆ ತಬ್ರೀಜ್‌ನಲ್ಲಿ ಪಿಷೆವರಿಯ ಸ್ವಾಯತ್ತ ಸರ್ಕಾರ ಬಂತು, 1946ರ ಜನವರಿಯಲ್ಲಿ ಮಹಾಬಾದ್‌ನಲ್ಲಿ ಕುರ್ದ್ ಗಣರಾಜ್ಯ. ಎರಡಕ್ಕೂ ಸೋವಿಯತ್ ಬೆಂಬಲ ಇತ್ತು, ಎರಡೂ ಒಂದೇ ವರ್ಷದಲ್ಲಿ ಬಿದ್ದವು. ಆದರೆ ಎರಡೂ ಕಡೆ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ತಮ್ಮ ಭಾಷೆಯನ್ನು ಶಾಲೆಗೆ ತಂದದ್ದು. ಅದುಮಿಟ್ಟದ್ದು ಎಲ್ಲಿ ನೋಯುತ್ತಿತ್ತು ಅನ್ನೋದು ಅದರಲ್ಲೇ ಗೊತ್ತಾಗುತ್ತೆ.

ಹಾಗಂತ ಇರಾನ್ ಒಡೆದುಹೋಯ್ತಾ? ಇಲ್ಲ. 1980ರಲ್ಲಿ ಸದ್ದಾಂ ಹುಸೇನ್ ಖೂಜೆಸ್ತಾನದ ಮೇಲೆ ದಾಳಿ ಮಾಡಿದಾಗ ಅಲ್ಲಿಯ ಅರಬರು ತನ್ನ ಕಡೆ ಬರ್ತಾರೆ ಅಂತ ಲೆಕ್ಕ ಹಾಕಿದ್ದ. ಬಹುತೇಕ ಜನ ಬರಲಿಲ್ಲ. ಮನೆಯಲ್ಲಿ ಅರಬ್ಬಿ ಆಡುವವರೂ ಇರಾನಿನವರಾಗೇ ಉಳಿದರು. ತಬ್ರೀಜ್‌ನ ಕವಿ ಶಹ್ರಿಯಾರ್ ಪರ್ಷಿಯನ್ ಗಜಲ್‌ಗಳಿಗೆ ಇಡೀ ದೇಶದಲ್ಲಿ ಹೆಸರಾದವನು. ಅವನೇ 1950ರ ದಶಕದಲ್ಲಿ ತನ್ನ ಹಳ್ಳಿಯ ಬೆಟ್ಟದ ಬಗ್ಗೆ ತಾಯ್ನುಡಿ ಅಜೆರಿಯಲ್ಲಿ ದೊಡ್ಡ ಕವನ ಬರೆದ. ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ. ಪರ್ಷಿಯನ್ ಭಾಷೆ ಶತಮಾನಗಳಿಂದ ಎಲ್ಲರ ನಡುವಿನ ಸೇತುವೆಯಾಗಿ ತಾನೇ ಹಬ್ಬಿತ್ತು. ಅದಕ್ಕೆ ಪೊಲೀಸರ ಕಾವಲು ಬೇಕಿರಲಿಲ್ಲ.

ರೆಜಾ ಶಾ ಇಲ್ಲದಿದ್ದರೆ ಇರಾನ್ ಇವತ್ತಿನ ಆಕಾರದಲ್ಲಿ ಇರುತ್ತಿತ್ತಾ ಅಂತ ಇತಿಹಾಸಕಾರರು ಈಗಲೂ ಜಗಳ ಆಡ್ತಾರೆ. ಅವನು ಭೂಗೋಳದ ಸಮಸ್ಯೆಯನ್ನು ಸರಿಯಾಗಿಯೇ ಗುರುತಿಸಿದ್ದ: ಬೆಟ್ಟ ಮರುಭೂಮಿಗಳಿಂದಾಗಿ ಜನಕ್ಕೆ ಜನ ಸಿಗದ ದೇಶ. ಅದಕ್ಕೆ ರಸ್ತೆ, ಸುರಂಗ, ಸೇತುವೆ ಸರಿಯಾದ ಉತ್ತರ. ಜನರು ಬೇರೆ ಬೇರೆ ಇರೋದನ್ನೂ ಬೆಟ್ಟದ ಹಾಗೆ ಕೊರೆಯಬೇಕಾದ ಅಡ್ಡಿ ಅಂದುಕೊಂಡ, ಅಲ್ಲಿ ಎಡವಿದ. ಸೇತುವೆ ಕಟ್ಟುವವನು ಎರಡೂ ದಡ ಗಟ್ಟಿಯಾಗಿರಲಿ ಅಂತಲೇ ನೋಡ್ತಾನೆ ಹೊರತು ಒಂದು ದಡವನ್ನ ಒಡೆಯೋದಿಲ್ಲ.

2021ರಲ್ಲಿ ಯುನೆಸ್ಕೊ ಈ ರೈಲು ಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವೆರೆಸ್ಕ್ ಸೇತುವೆಯ ಮೇಲೆ ಈಗಲೂ ರೈಲು ಓಡುತ್ತಿದೆ. ಪ್ರಾಂತ್ಯಗಳಿಗೆ ಕೊಟ್ಟ ನಂಬರುಗಳು ಹೋಗಿ ಹೆಸರುಗಳು ವಾಪಸ್ ಬಂದಿವೆ. ಹಳಿಯ ಉತ್ತರದ ತುದಿಗೆ ತುರ್ಕಮನ್ನರ ನೆಲದಲ್ಲಿ ಬಂದರ್ ಶಾ ಅಂತ ಹೆಸರಿಟ್ಟಿದ್ದರಲ್ಲ, ಅದೂ ಈಗ ಇಲ್ಲ. ಆ ಊರಿನ ಹೆಸರು ಈಗ ಬಂದರ್ ತುರ್ಕಮನ್.